ರಕ್ತ ಹರಿಯದ ಮೂಳೆಗೆ ಮದ್ದು ಮುಟ್ಟದು: ಮೂಳೆಯ ಫಂಗಸ್ ಸೋಂಕಿಗೆ ಔಷಧವೂ ಬೇಕು, ಶಸ್ತ್ರವೂ ಬೇಕು

ಮೂಳೆಗೆ ಸೋಂಕು ತಗುಲಿದೆ ಎಂದೊಡನೆ ವೈದ್ಯರಿಗೆ ಮೊದಲು ನೆನಪಾಗುವುದು ಬ್ಯಾಕ್ಟೀರಿಯಾ. ಬೆನ್ನುಮೂಳೆಯಾದರೆ ಅದರ ಹಿಂದೆಯೇ ಕ್ಷಯ ನೆನಪಾಗುತ್ತದೆ. ಫಂಗಸ್ ನೆನಪಾಗುವುದು ಬಹಳ ತಡವಾಗಿ. ಎರಡು ಮೂರು ಸುತ್ತು ಆ್ಯಂಟಿಬಯಾಟಿಕ್ ಮುಗಿದಿರುತ್ತದೆ, ನೋವು ಮಾತ್ರ ಜಾಗ ಬಿಟ್ಟು ಕದಲಿರುವುದಿಲ್ಲ. ಆಗ ಯಾರೋ ಒಬ್ಬರು "ಇದು ಫಂಗಸ್ ಇರಬಹುದೇ?" ಎಂದು ಕೇಳುತ್ತಾರೆ. ಆ ಪ್ರಶ್ನೆ ಎಷ್ಟು ಬೇಗ ಬರುತ್ತದೋ ಅಷ್ಟು ಮೂಳೆ ಉಳಿಯುತ್ತದೆ.

ಕಾಯಿಲೆ ಅಪರೂಪದ್ದು, ನಿಜ. ಆದರೆ ಬಂದವರ ಪಾಲಿಗೆ ಅದು ತಿಂಗಳುಗಟ್ಟಲೆಯ, ಕೆಲವೊಮ್ಮೆ ವರ್ಷ ದಾಟುವ ಹೋರಾಟ. ಮಾತ್ರೆಯಲ್ಲೇ ವಾಸಿಯಾಗುವುದಾದರೆ ಆಪರೇಷನ್ ಯಾಕೆ, ಆಪರೇಷನ್ ಮಾಡಿ ತೆಗೆದ ಮೇಲೆ ಮತ್ತೆ ಆರು ತಿಂಗಳು ಮಾತ್ರೆ ಯಾಕೆ ಎಂದು ರೋಗಿಗಳೂ ಮನೆಯವರೂ ಕೇಳುವುದು ಸಹಜ. ಎರಡಕ್ಕೂ ಉತ್ತರ ಇರುವುದು ಒಂದೇ ಕಡೆ. ಔಷಧ ದೇಹದೊಳಗೆ ಓಡಾಡುವುದು ರಕ್ತದ ಮೂಲಕ. ಸೋಂಕು ತಿಂದು ಸಾಯಿಸಿದ ಮೂಳೆಯಲ್ಲಿ ರಕ್ತ ಹರಿಯುವುದಿಲ್ಲ. ಹಾಗಾಗಿ ರಕ್ತ ಹೋಗುವಲ್ಲಿಗೆ ಔಷಧ ಹೋಗಬೇಕು, ರಕ್ತ ಹೋಗದಲ್ಲಿಗೆ ಶಸ್ತ್ರ ಹೋಗಬೇಕು. ಚಿಕಿತ್ಸೆಯ ಬಹುತೇಕ ತೀರ್ಮಾನಗಳು ಹುಟ್ಟುವುದು ಈ ಸರಳ ಲೆಕ್ಕದಿಂದ.

ಮೂಳೆಯೊಳಗೆ ಬಂದದ್ದಾದರೂ ಹೇಗೆ?

ದಾರಿಗಳು ಮೂರು. ಮೊದಲನೆಯದು ರಕ್ತದ ದಾರಿ. ನಮ್ಮ ಬಾಯಿ, ಕರುಳು, ಚರ್ಮದ ಮೇಲೆ ಸದ್ದಿಲ್ಲದೆ ಬದುಕುವ ಕ್ಯಾಂಡಿಡಾ ಎಂಬ ಯೀಸ್ಟ್, ಐಸಿಯುನಲ್ಲಿ ಹಾಕಿದ ದೊಡ್ಡ ರಕ್ತನಾಳದ ಕೊಳವೆಯ ಮೂಲಕವೋ ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರವೋ ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ದೊಡ್ಡವರಲ್ಲಿ ಹೆಚ್ಚಾಗಿ ಬೆನ್ನುಮೂಳೆಯಲ್ಲಿ, ಮಕ್ಕಳಲ್ಲಿ ತೊಡೆಮೂಳೆಯಂಥ ಉದ್ದನೆಯ ಮೂಳೆಗಳಲ್ಲಿ ನೆಲೆಯೂರುತ್ತದೆ. ಇದರ ದೊಡ್ಡ ಮೋಸವೆಂದರೆ ಕಾಲದ ಅಂತರ. ರಕ್ತದ ಸೋಂಕು ವಾಸಿಯಾಯಿತೆಂದು ರೋಗಿ ಮನೆಗೆ ಹೋಗಿರುತ್ತಾರೆ. ವಾರಗಳು, ಕೆಲವೊಮ್ಮೆ ಹಲವು ತಿಂಗಳು ಕಳೆದ ಮೇಲೆ ಸೊಂಟ ನೋಯಲು ಶುರುವಾಗುತ್ತದೆ. ಜ್ವರ ಇಲ್ಲದೆಯೂ ಇರಬಹುದು. ರಕ್ತದಲ್ಲಿ ಬಿಳಿ ಕಣಗಳ ಎಣಿಕೆ ಏರದೆಯೂ ಇರಬಹುದು. ಆ ಹಳೆಯ ಐಸಿಯು ವಾಸಕ್ಕೂ ಈ ನೋವಿಗೂ ಗಂಟು ಹಾಕುವವರು ಯಾರು? ರೋಗಿಯೇ ಹೇಳದಿದ್ದರೆ ಎಷ್ಟೋ ಸಲ ಯಾರೂ ಹಾಕುವುದಿಲ್ಲ.

ಎರಡನೆಯದು ಪಕ್ಕದ ಮನೆಯಿಂದ ಬರುವ ದಾರಿ. ಶ್ವಾಸಕೋಶದಲ್ಲಿ ಬೆಳೆದ ಆಸ್ಪರ್ಜಿಲಸ್ ಎಂಬ ಬೂಷ್ಟು ಪಕ್ಕೆಲುಬಿಗೋ ಬೆನ್ನುಮೂಳೆಗೋ ದಾಟುತ್ತದೆ. ಮೂಗಿನ ಸೈನಸ್‌ಗಳಲ್ಲಿ ಬೆಳೆದ ಮ್ಯೂಕರ್ ಎಂಬ ಇನ್ನೊಂದು ಬೂಷ್ಟು ಮೇಲ್ದವಡೆಗೆ, ಕಣ್ಣುಗೂಡಿಗೆ, ತಲೆಬುರುಡೆಯ ತಳಕ್ಕೆ ಹಬ್ಬುತ್ತದೆ. ಮೂರನೆಯದು ನೇರ ದಾರಿ: ಮಣ್ಣು ಮೆತ್ತಿದ ಗಾಯ, ಕಾಲಿಗೆ ಚುಚ್ಚಿದ ಮುಳ್ಳು, ಮುರಿದು ಹೊರಬಂದ ಮೂಳೆ, ಆಪರೇಷನ್ ಅಥವಾ ಸೂಜಿ.

ಸೂಜಿಯ ದಾರಿ ಎಷ್ಟು ಭೀಕರವಾಗಬಹುದು ಎಂಬುದನ್ನು ಜಗತ್ತು 2012ರಲ್ಲಿ ಅಮೆರಿಕದಲ್ಲಿ ಕಂಡಿತು. ಬೆನ್ನುನೋವಿಗೆಂದು ಬೆನ್ನುಹುರಿಯ ಪಕ್ಕಕ್ಕೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದಿನ ಬಾಟಲಿಗಳು ತಯಾರಿಕೆಯ ಹಂತದಲ್ಲೇ ಕಲುಷಿತವಾಗಿದ್ದವು. ಅದರೊಳಗಿದ್ದದ್ದು ಮುಖ್ಯವಾಗಿ ಎಕ್ಸೆರೊಹೈಲಮ್ ರೋಸ್ಟ್ರೇಟಮ್, ಸಾಮಾನ್ಯವಾಗಿ ಹುಲ್ಲು ಮತ್ತು ಬೆಳೆಗಳ ಮೇಲೆ ಕಾಣುವ ಬೂಷ್ಟು. 20 ರಾಜ್ಯಗಳಲ್ಲಿ 753 ಜನರಿಗೆ ಸೋಂಕು ತಗುಲಿ 64 ಮಂದಿ ಸತ್ತರು. ಮೊದಲು ಮಿದುಳುಪೊರೆಯ ಉರಿಯೂತದ ರೋಗಿಗಳು ಬಂದರು. ದಿನ ಕಳೆದಂತೆ ಚುಚ್ಚಿದ ಜಾಗದಲ್ಲೇ ಕೀವು ಕಟ್ಟಿದವರು, ಬೆನ್ನುಮೂಳೆಗೇ ಸೋಂಕು ಇಳಿದವರು ಸಾಲಾಗಿ ಬಂದರು. ಅವರಲ್ಲಿ ಅನೇಕರಿಗೆ ತಿಂಗಳುಗಟ್ಟಲೆ ವೊರಿಕೊನಜೋಲ್ ಎಂಬ ಫಂಗಸ್ ಔಷಧದ ಜೊತೆಗೆ ಶಸ್ತ್ರಚಿಕಿತ್ಸೆಯೂ ಬೇಕಾಯಿತು.

ಸಾಮಾನ್ಯವಾಗಿ ಈ ಕಾಯಿಲೆ ಹುಡುಕಿಕೊಂಡು ಹೋಗುವುದು ದೇಹದ ಕಾವಲು ಸಡಿಲವಾದವರನ್ನು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ದೀರ್ಘಕಾಲದ ಸ್ಟಿರಾಯ್ಡ್, ರಕ್ತದ ಕ್ಯಾನ್ಸರ್, ಅಂಗಾಂಗ ಕಸಿ, ಅವಧಿಗೆ ಮುನ್ನ ಹುಟ್ಟಿದ ಶಿಶು, ನಾಳಕ್ಕೆ ಮಾದಕವಸ್ತು ಚುಚ್ಚಿಕೊಳ್ಳುವ ಅಭ್ಯಾಸ. ಆದರೆ ಮುಳ್ಳು ಚುಚ್ಚಿದ ಆರೋಗ್ಯವಂತ ರೈತನಿಗೂ ಬರಬಹುದು.

ಒಂದು ಚೂರು ಮೂಳೆ, ಎರಡು ಬಾಟಲಿ

ಔಷಧದ ಮಾತಿಗೆ ಮುಂಚೆ ಇಲ್ಲಿ ಸ್ವಲ್ಪ ನಿಲ್ಲಬೇಕು. ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯ ಅಳಿವು ಉಳಿವು ಇರುವುದು ಈ ಹಂತದಲ್ಲಿ.

ಎಂಆರ್‌ಐ ಸೋಂಕು ಎಲ್ಲಿದೆ, ಎಷ್ಟು ಹಬ್ಬಿದೆ ಎಂದು ಚೆನ್ನಾಗಿ ತೋರಿಸುತ್ತದೆ. ಯಾವುದರ ಸೋಂಕು ಎಂದು ಅದು ಹೇಳಲಾರದು. ಬೆನ್ನುಮೂಳೆಯ ಕ್ಷಯಕ್ಕೂ ಫಂಗಸ್‌ಗೂ ಚಿತ್ರದಲ್ಲಿ ಅಷ್ಟು ಹೋಲಿಕೆ ಇರುತ್ತದೆ. ಸೂಕ್ಷ್ಮದರ್ಶಕದಡಿ ಕೂಡ ಎರಡರಲ್ಲೂ ಗ್ರ್ಯಾನುಲೋಮಾ ಎಂಬ ಒಂದೇ ಬಗೆಯ ಗಂಟು ಕಾಣಬಹುದು. ಆದ್ದರಿಂದ ಸಿಟಿ ಸ್ಕ್ಯಾನ್ ನೆರವಿನಿಂದ ಸೂಜಿ ಹಾಕಿಯೋ ಶಸ್ತ್ರಚಿಕಿತ್ಸೆಯಲ್ಲೋ ಮೂಳೆಯ ಚೂರನ್ನು ತೆಗೆದು ಪರೀಕ್ಷಿಸಲೇಬೇಕು.

ತೆಗೆದ ಚೂರನ್ನು ಪೂರ್ತಿಯಾಗಿ ಫಾರ್ಮಲಿನ್ ಬಾಟಲಿಗೆ ಹಾಕಿದರೆ ಅರ್ಧ ಉತ್ತರ ಅಲ್ಲೇ ಸತ್ತಂತೆ. ಫಾರ್ಮಲಿನ್ ಎಲ್ಲ ಜೀವಿಗಳನ್ನೂ ಕೊಲ್ಲುತ್ತದೆ, ಆಮೇಲೆ ಲ್ಯಾಬಿನಲ್ಲಿ ಜೀವಿಯನ್ನು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಒಂದು ಭಾಗ ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ, ಇನ್ನೊಂದು ಭಾಗ ಶುದ್ಧ ಸಲೈನ್‌ನಲ್ಲಿ ಮೈಕ್ರೊಬಯಾಲಜಿಗೆ ಹೋಗಬೇಕು. ಚೀಟಿಯ ಮೇಲೆ ಬ್ಯಾಕ್ಟೀರಿಯಾ, ಕ್ಷಯ, ಫಂಗಸ್ ಮೂರನ್ನೂ ಬರೆದಿರಬೇಕು, ಏಕೆಂದರೆ ಕೇಳದಿದ್ದರೆ ಫಂಗಸ್ ಕಲ್ಚರ್ ಹಾಕದೇ ಇರಬಹುದು. ಕ್ಯಾಂಡಿಡಾ ಕೆಲವೇ ದಿನಗಳಲ್ಲಿ ಬೆಳೆದು ಕಾಣಿಸಿಕೊಂಡರೆ, ಕೆಲವು ಫಂಗಸ್‌ಗಳಿಗೆ ನಾಲ್ಕು ವಾರ ಕಾಯಬೇಕು. ಮ್ಯೂಕರ್ ಅನುಮಾನವಿದ್ದರೆ ಅದನ್ನೂ ಲ್ಯಾಬ್‌ಗೆ ಮುಂಚೆಯೇ ತಿಳಿಸಬೇಕು. ಅದರ ಎಳೆಗಳಲ್ಲಿ ಅಡ್ಡಗೋಡೆಗಳು ಇಲ್ಲವೆನ್ನುವಷ್ಟು ಕಡಿಮೆ. ಮಾದರಿಯನ್ನು ಅರೆದರೆ ಎಳೆ ಒಡೆದು ಜೀವ ಹೋಗುತ್ತದೆ. ಹಾಗಾಗಿ ಅರೆಯದೆ ಸಣ್ಣಗೆ ಕತ್ತರಿಸಿ ಬಿತ್ತುತ್ತಾರೆ.

ರೋಗಿಯ ಕಡೆಯವರು ಬಯಾಪ್ಸಿಗೆ ಮುನ್ನ "ಫಂಗಸ್ ಕಲ್ಚರ್‌ಗೂ ಕಳುಹಿಸುತ್ತೀರಾ?" ಎಂದು ವಿನಯದಿಂದ ಕೇಳಿದರೆ ತಪ್ಪೇನೂ ಇಲ್ಲ. ಒಳ್ಳೆಯ ವೈದ್ಯರಿಗೆ ಆ ಪ್ರಶ್ನೆ ಇಷ್ಟವೇ ಆಗುತ್ತದೆ.

ಔಷಧಗಳು ಯಾಕೆ ಇಷ್ಟು ಕಡಿಮೆ?

ಬ್ಯಾಕ್ಟೀರಿಯಾ ನಮ್ಮಿಂದ ಬಹಳ ದೂರದ ಜೀವಿ. ಅದರಲ್ಲಿದ್ದು ನಮ್ಮಲ್ಲಿಲ್ಲದ ಭಾಗಗಳು ಬೇಕಾದಷ್ಟಿವೆ, ಗುರಿಯಿಡುವುದು ಸುಲಭ. ಫಂಗಸ್ ಹಾಗಲ್ಲ. ಜೀವವಿಕಾಸದ ಮರದಲ್ಲಿ ಅದು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟ. ಅದರ ಜೀವಕೋಶಕ್ಕೂ ನಮ್ಮಂತೆಯೇ ನ್ಯೂಕ್ಲಿಯಸ್ ಇದೆ, ನಮ್ಮಂಥದೇ ಯಂತ್ರಾಂಗವಿದೆ. ಅದನ್ನು ಕೊಲ್ಲುವ ವಿಷ ನಮ್ಮನ್ನೂ ಸ್ವಲ್ಪ ಸುಡುತ್ತದೆ. ಹೀಗಾಗಿ ಮೂಳೆಯ ಫಂಗಸ್‌ಗೆ ಬಳಸುವ ಔಷಧಗಳು ಬೆರಳೆಣಿಕೆಯಷ್ಟು ಕುಟುಂಬಗಳಿಗೆ ಸೇರಿವೆ.

ಹಿರಿಯದು ಆಂಫೊಟೆರಿಸಿನ್ ಬಿ. ವೆನೆಜುವೆಲಾದ ಒರಿನೊಕೊ ನದಿ ಸೀಮೆಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯೊಂದರಿಂದ 1950ರ ದಶಕದಲ್ಲಿ ದೊರೆತದ್ದು. ನಮ್ಮ ಜೀವಕೋಶದ ಪೊರೆಯಲ್ಲಿ ಕೊಲೆಸ್ಟೆರಾಲ್ ಇದ್ದರೆ ಫಂಗಸ್‌ನ ಪೊರೆಯಲ್ಲಿ ಎರ್ಗೊಸ್ಟೆರಾಲ್ ಇರುತ್ತದೆ. ಆಂಫೊಟೆರಿಸಿನ್ ಈ ಎರ್ಗೊಸ್ಟೆರಾಲ್‌ಗೆ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತದೆ. ಕೊಲೆಸ್ಟೆರಾಲ್ ಕಂಡರೂ ಸ್ವಲ್ಪ ಅಂಟುತ್ತದೆ, ಕಿಡ್ನಿಗೆ ಪೆಟ್ಟು ಬೀಳಲು ಅದೂ ಒಂದು ಕಾರಣ. ಕೊಬ್ಬಿನ ಪುಟ್ಟ ಗುಳ್ಳೆಗಳೊಳಗೆ ತುಂಬಿದ ಲೈಪೊಸೋಮಲ್ ರೂಪ ಬಂದ ಮೇಲೆ ಈ ಕಾಟ ಎಷ್ಟೋ ತಗ್ಗಿದೆ, ಪೂರ್ತಿ ಹೋಗಿಲ್ಲ.

ಎರಡನೆಯದು ಅಜೋಲ್ ಕುಟುಂಬ: ಫ್ಲುಕೊನಜೋಲ್, ಇಟ್ರಾಕೊನಜೋಲ್, ವೊರಿಕೊನಜೋಲ್, ಪೊಸಾಕೊನಜೋಲ್, ಇಸಾವುಕೊನಜೋಲ್. ಇವು ಎರ್ಗೊಸ್ಟೆರಾಲ್ ತಯಾರಾಗುವುದನ್ನೇ ತಡೆಯುತ್ತವೆ. ಬಾಯಲ್ಲಿ ನುಂಗಬಹುದು ಎಂಬುದೇ ಇವುಗಳ ದೊಡ್ಡ ಗುಣ. ಆರು ತಿಂಗಳು, ವರ್ಷ ಎಂದರೆ ಡ್ರಿಪ್ ಹಾಕಿಸಿಕೊಂಡು ಬದುಕಲಾಗದು. ಮೂರನೆಯ ಎಕಿನೊಕ್ಯಾಂಡಿನ್ ಕುಟುಂಬ ಫಂಗಸ್‌ನ ಕೋಶಗೋಡೆಯನ್ನು ಕಟ್ಟಲು ಬಿಡುವುದಿಲ್ಲ. ಅಂಥ ಗೋಡೆ ನಮ್ಮ ಜೀವಕೋಶಗಳಿಗೆ ಇಲ್ಲವೇ ಇಲ್ಲ, ಹಾಗಾಗಿ ಅಡ್ಡಪರಿಣಾಮ ಕಡಿಮೆ. ಆದರೆ ಇವನ್ನು ನಾಳದ ಮೂಲಕವೇ ಕೊಡಬೇಕು, ಮ್ಯೂಕರ್ ಮೇಲೆ ಇವು ಕೆಲಸಕ್ಕೆ ಬಾರವು.

ಯಾವ ಫಂಗಸ್‌ಗೆ ಯಾವ ಔಷಧ ಎಂಬುದು ಊಹೆಗೆ ಬಿಡುವ ವಿಷಯವಲ್ಲ. ಕ್ಯಾಂಡಿಡಾ ಆಗಿದ್ದು ಫ್ಲುಕೊನಜೋಲ್‌ಗೆ ಬಗ್ಗುವಂತಿದ್ದರೆ, ಅಮೆರಿಕದ ಸೋಂಕುರೋಗ ತಜ್ಞರ ಸಂಘದ 2016ರ ಮಾರ್ಗಸೂಚಿ ದಿನಕ್ಕೆ 400 ಮಿಲಿಗ್ರಾಂನಂತೆ 6ರಿಂದ 12 ತಿಂಗಳು ಕೊಡಲು ಹೇಳುತ್ತದೆ. ಮೊದಲ ಎರಡು ವಾರವಾದರೂ ಎಕಿನೊಕ್ಯಾಂಡಿನ್ ಅಥವಾ ಲೈಪೊಸೋಮಲ್ ಆಂಫೊಟೆರಿಸಿನ್ ಕೊಟ್ಟು ಆಮೇಲೆ ಫ್ಲುಕೊನಜೋಲ್‌ಗೆ ಬದಲಿಸುವ ಕ್ರಮವೂ ಇದೆ. ಕ್ಯಾಂಡಿಡಾ ಕ್ರೂಸಿ ಎಂಬ ಬಗೆಗೆ ಫ್ಲುಕೊನಜೋಲ್ ಹುಟ್ಟಿನಿಂದಲೇ ನಾಟುವುದಿಲ್ಲ, 2009ರಲ್ಲಿ ಮೊದಲು ಗುರುತಿಸಲಾದ ಕ್ಯಾಂಡಿಡಾ ಆರಿಸ್‌ಗೆ ಬಹುತೇಕ ನಾಟುವುದಿಲ್ಲ. ಆಸ್ಪರ್ಜಿಲಸ್‌ಗೆ ವೊರಿಕೊನಜೋಲ್ ಮೊದಲ ಆಯ್ಕೆ, ಕನಿಷ್ಠ ಎಂಟು ವಾರ, ಎಷ್ಟೋ ಸಲ ಆರು ತಿಂಗಳಿಗೂ ಹೆಚ್ಚು. ಅದೇ ವೊರಿಕೊನಜೋಲ್ ಮ್ಯೂಕರ್‌ಗೆ ಏನೂ ಮಾಡದು. ಅಲ್ಲಿ ಬೇಕಾದ್ದು ಆಂಫೊಟೆರಿಸಿನ್, ಆಮೇಲೆ ಪೊಸಾಕೊನಜೋಲ್ ಅಥವಾ ಇಸಾವುಕೊನಜೋಲ್. ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ. ಆ ಚೂರು ಮೂಳೆಯ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದು ಇದಕ್ಕೇ.

ಶಸ್ತ್ರ ಎಲ್ಲಿಯವರೆಗೆ ಹೋಗಬೇಕು

ಮೂಳೆಯೊಳಗೆ ಸೋಂಕು ಬೆಳೆದಾಗ ಊತಕ್ಕೆ ಹಿಗ್ಗಲು ಜಾಗವಿಲ್ಲ. ಒತ್ತಡ ಏರಿ ಸಣ್ಣ ರಕ್ತನಾಳಗಳು ಅದುಮಿಹೋಗುತ್ತವೆ, ರಕ್ತ ನಿಂತ ಭಾಗ ಸಾಯುತ್ತದೆ. ಸತ್ತ ಆ ತುಂಡು ಜೀವಂತ ಮೂಳೆಯಿಂದ ಬೇರೆಯಾಗಿ, ಕೀವಿನ ನಡುವೆ ಕೊರಡಿನಂತೆ ಬಿದ್ದಿರುತ್ತದೆ. ಅದರ ಮೇಲೆ ಫಂಗಸ್ ಬಯೋಫಿಲ್ಮ್ ಎಂಬ ಅಂಟುಪದರ ಹೊದ್ದು ಕೂತರೆ, ಎಷ್ಟು ಪ್ರಬಲ ಔಷಧ ಕೊಟ್ಟರೂ ಅದು ಸುತ್ತ ಹರಿದು ಹೋಗುತ್ತದೆಯೇ ಹೊರತು ಒಳಗಿಳಿಯದು.

ಶಸ್ತ್ರವೈದ್ಯರು ಮಾಡುವ ಮುಖ್ಯ ಕೆಲಸ ಡಿಬ್ರೈಡ್‌ಮೆಂಟ್: ಕೀವು ಬಸಿದು, ಕೊಳೆತ ಮಾಂಸ, ಸತ್ತ ಮೂಳೆ ಎಲ್ಲವನ್ನೂ ಕೆರೆದು ತೆಗೆಯುವುದು. ಎಲ್ಲಿಗೆ ನಿಲ್ಲಿಸಬೇಕು ಎಂಬುದಕ್ಕೆ ಮೂಳೆಯೇ ಗುರುತು ಕೊಡುತ್ತದೆ. ಕೆರೆದ ಮೈಯಲ್ಲಿ ಕೆಂಪು ಚುಕ್ಕಿಗಳಂತೆ ರಕ್ತ ಜಿನುಗಲು ಶುರುವಾದರೆ ಅಲ್ಲಿಂದ ಮುಂದೆ ಜೀವವಿದೆ ಎಂದರ್ಥ. ಅಲ್ಲಿಗೆ ಔಷಧ ತಲುಪುತ್ತದೆ, ಮುಂದಿನದನ್ನು ಅದಕ್ಕೆ ಬಿಡಬಹುದು. ಆದರೆ ಬರಿಗಣ್ಣಿಗೆ ಕಾಣದ ಫಂಗಸ್ ಆ ಜೀವಂತ ಅಂಚಿನಲ್ಲೂ ಉಳಿದಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರವೂ ತಿಂಗಳುಗಟ್ಟಲೆ ಔಷಧ ಬೇಕಾಗುವುದು ಆ ಉಳಿಕೆಗಾಗಿ.

ಎಲ್ಲರಿಗೂ ಆಪರೇಷನ್ ಬೇಕೆಂದಿಲ್ಲ. ಬೆನ್ನುಮೂಳೆಯ ಕ್ಯಾಂಡಿಡಾ ಬೇಗ ಪತ್ತೆಯಾಗಿ, ನರಕ್ಕೆ ಒತ್ತು ಬೀಳದೆ, ಮೂಳೆ ಕುಸಿಯದೆ ಇದ್ದರೆ ಬರೀ ಔಷಧದಿಂದ ವಾಸಿಯಾದವರು ಇದ್ದಾರೆ. ಕಾಲಿನ ಬಲ ಕುಗ್ಗುವುದು, ಮೂತ್ರದ ಹತೋಟಿ ತಪ್ಪುವುದು, ಬೆನ್ನು ಬಾಗುವುದು, ದೊಡ್ಡ ಕೀವುಗಟ್ಟು, ವಾರಗಟ್ಟಲೆ ಸರಿಯಾದ ಔಷಧ ಕೊಟ್ಟರೂ ಇಳಿಯದ ಸೋಂಕು, ಇವು ಕಂಡರೆ ತಡಮಾಡುವಂತಿಲ್ಲ. ಕಾಲಿನ ಬಲ ಹೋಗುತ್ತಿದೆ ಎನಿಸಿದ ದಿನವೇ ಆಸ್ಪತ್ರೆಗೆ ಓಡಬೇಕು, ಮುಂದಿನ ತಪಾಸಣೆಯ ದಿನಕ್ಕೆ ಕಾಯಬಾರದು. ಕುಸಿದ ಬೆನ್ನಿಗೆ ಲೋಹದ ಸ್ಕ್ರೂ, ಸರಳು ಹಾಕಿ ನಿಲ್ಲಿಸುವುದುಂಟು. ಸೋಂಕಿರುವ ಜಾಗಕ್ಕೆ ಲೋಹವೇ ಎಂದು ಯಾರಿಗಾದರೂ ಅನಿಸುತ್ತದೆ. ಚೆನ್ನಾಗಿ ಕೆರೆದು ಶುದ್ಧ ಮಾಡಿದ ಮೇಲೆ ಅಲುಗಾಡದ ಮೂಳೆ ಅಲುಗಾಡುವ ಮೂಳೆಗಿಂತ ಬೇಗ ಮಾಗುತ್ತದೆ ಎಂಬುದು ಅನುಭವದಿಂದ ಬಂದ ತಿಳಿವಳಿಕೆ.

ಮೊದಲೇ ಹಾಕಿದ್ದ ಕೃತಕ ಮೊಣಕಾಲು ಅಥವಾ ಸೊಂಟದ ಕೀಲಿಗೆ ಫಂಗಸ್ ಹತ್ತಿದರೆ ಮಾತು ಬೇರೆ. ಲೋಹ, ಪ್ಲಾಸ್ಟಿಕ್‌ಗೆ ರಕ್ತನಾಳವೇ ಇಲ್ಲ, ಬಯೋಫಿಲ್ಮ್‌ಗೆ ಅದಕ್ಕಿಂತ ಸುಖದ ಆಸನ ಇಲ್ಲ. ಅಲ್ಲಿ ಸಾಮಾನ್ಯವಾಗಿ ಎರಡು ಹಂತದ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಹಳೆಯ ಕೀಲು ತೆಗೆದು, ಔಷಧ ಬೆರೆಸಿದ ಮೂಳೆ ಸಿಮೆಂಟಿನ ತಾತ್ಕಾಲಿಕ ತುಂಡನ್ನು ಇಡುತ್ತಾರೆ. ತಿಂಗಳುಗಳ ಚಿಕಿತ್ಸೆಯಿಂದ ಸೋಂಕು ಅಡಗಿದೆ ಎಂದು ಖಚಿತವಾದ ಮೇಲೆ ಹೊಸ ಕೀಲು. ಕೀಲು ತೆಗೆಯುವಷ್ಟು ದೇಹಬಲ ಇಲ್ಲದವರಿಗೆ, ಕ್ಯಾಂಡಿಡಾ ಬಗ್ಗುವ ಜಾತಿಯದಾದರೆ, ಕೀಲು ಇರುವಷ್ಟು ಕಾಲ ಫ್ಲುಕೊನಜೋಲ್ ನುಂಗುತ್ತಾ ಸೋಂಕನ್ನು ಅದುಮಿಡುವ ದಾರಿಯೊಂದಿದೆ.

ಮ್ಯೂಕರ್‌ನಲ್ಲಿ ಗಡಿಯಾರವೇ ಬೇರೆ. 2021ರಲ್ಲಿ ಕೋವಿಡ್ ಎರಡನೆಯ ಅಲೆಯ ಹೊತ್ತಿಗೆ ಭಾರತದಲ್ಲಿ "ಕಪ್ಪು ಶಿಲೀಂಧ್ರ" ಎಂದು ಹೆಸರಾದದ್ದು ಇದೇ. ಫಂಗಸ್ ಕಪ್ಪಲ್ಲ, ಅದು ರಕ್ತನಾಳಗಳ ಒಳಗೇ ಬೆಳೆದು ರಕ್ತ ಹೆಪ್ಪುಗಟ್ಟಿಸಿದಾಗ ಸತ್ತು ಕಪ್ಪಾಗುವುದು ನಮ್ಮ ಮಾಂಸ, ನಮ್ಮ ಮೂಳೆ. ರಕ್ತದ ದಾರಿಯನ್ನು ಶತ್ರುವೇ ಮುಚ್ಚುವುದರಿಂದ ಇಲ್ಲಿ ಶಸ್ತ್ರ ತಿಂಗಳು ಕಾಯದು, ದಿನಗಳ ಲೆಕ್ಕದಲ್ಲಿ ಇಳಿಯಬೇಕು, ಬೇಕಾದರೆ ಮತ್ತೆ ಮತ್ತೆ. ಮೇಲ್ದವಡೆಯ ಭಾಗವನ್ನೇ ತೆಗೆಯಬೇಕಾಗಿ ಬಂದವರಿದ್ದಾರೆ. ಬಾಯಿಗೂ ಮೂಗಿಗೂ ನಡುವೆ ಬಿದ್ದ ತೂತನ್ನು ಕೃತಕ ಅಂಗುಳಿನಿಂದ ಮುಚ್ಚಿದರೆ ಊಟ, ಮಾತು ಮರಳುತ್ತವೆ. ಜೊತೆಗೇ ಸಕ್ಕರೆಯನ್ನು ಹತೋಟಿಗೆ ತರಬೇಕು, ಸಾಧ್ಯವಿದ್ದಷ್ಟು ಸ್ಟಿರಾಯ್ಡ್ ಇಳಿಸಬೇಕು. ಮಧುಮೇಹದಲ್ಲಿ ರಕ್ತ ಆಮ್ಲೀಯವಾದಾಗ ಬಿಡುಗಡೆಯಾಗುವ ಕಬ್ಬಿಣಾಂಶ ಈ ಫಂಗಸ್‌ಗೆ ಗೊಬ್ಬರವಿದ್ದಂತೆ.

ಔಷಧ ಶಸ್ತ್ರಕ್ಕೆ ದಾರಿ ಮಾಡಿಕೊಡುವ ಸೊಗಸಾದ ಉದಾಹರಣೆ ಮೈಸಿಟೋಮಾ. ಬರಿಗಾಲಿಗೆ ಚುಚ್ಚಿದ ಮುಳ್ಳಿನಿಂದ ಮಣ್ಣಿನ ಫಂಗಸ್ ಒಳಹೋಗಿ, ವರ್ಷಗಳ ಕಾಲ ನೋವಿಲ್ಲದೆ ಊದುತ್ತಾ, ಕಪ್ಪು ಕಾಳುಗಳನ್ನು ಸುರಿಸುತ್ತಾ, ಕೊನೆಗೆ ಪಾದದ ಮೂಳೆಗಳನ್ನು ತಿನ್ನುವ ರೋಗ. 1842ರಲ್ಲಿ ಮದುರೆಯಲ್ಲಿ ಗಿಲ್ ಎಂಬ ವೈದ್ಯ ಇದನ್ನು ವರದಿ ಮಾಡಿದ್ದರಿಂದ ಮದುರಾ ಪಾದ ಎಂಬ ಹೆಸರು ನಿಂತಿತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಇದನ್ನು ಕಡೆಗಣಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಫಂಗಸ್‌ನಿಂದಾದ ಮೈಸಿಟೋಮಾಕ್ಕೆ ತಿಂಗಳುಗಟ್ಟಲೆ ಇಟ್ರಾಕೊನಜೋಲ್ ಕೊಟ್ಟರೆ ಗಂಟು ಕುಗ್ಗುತ್ತದೆ, ಸುತ್ತ ದಪ್ಪನೆಯ ನಾರುಕೋಶ ಕಟ್ಟುತ್ತದೆ. ಒಳಗಿನ ಫಂಗಸ್ ಸಾಯದೆ ಉಳಿದಿರಬಹುದು. ಆದರೆ ಮೊದಲು ಬೇರಿನಂತೆ ಹರಡಿದ್ದದ್ದು ಈಗ ಚೀಲದೊಳಗಿದೆ, ಶಸ್ತ್ರವೈದ್ಯರು ಅದನ್ನು ಒಡೆಯದೆ ಇಡಿಯಾಗಿ ಎತ್ತಬಹುದು. ಪಾದ ಉಳಿಯುತ್ತದೆ. ಆತುರಪಟ್ಟು ಮೊದಲೇ ಕತ್ತರಿಸಿದ್ದರೆ ಮರುಕಳಿಸಿ, ಕಾಲನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದಿತ್ತು. ಸುಡಾನಿನಲ್ಲಿ ನಡೆದ ಪ್ರಯೋಗವೊಂದರಲ್ಲಿ ವಾರಕ್ಕೊಮ್ಮೆ ನುಂಗುವ ಫಾಸ್‌ರಾವುಕೊನಜೋಲ್ ಎಂಬ ಹೊಸ ಔಷಧವನ್ನು ದಿನನಿತ್ಯದ ಇಟ್ರಾಕೊನಜೋಲ್ ಜೊತೆ ಹೋಲಿಸಿ ನೋಡಿದ್ದಾರೆ. ಆಸ್ಪತ್ರೆಗೆ ಮೈಲಿಗಟ್ಟಲೆ ನಡೆಯುವ ರೋಗಿಗೆ ದಿನಕ್ಕೂ ವಾರಕ್ಕೂ ಇರುವ ಅಂತರ ಸಣ್ಣದಲ್ಲ.

ಔಷಧದ ಜೊತೆ ಬಾಳುವ ತಿಂಗಳುಗಳು

ಆಸ್ಪತ್ರೆಯಿಂದ ಬಂದ ಮೇಲೆ ಅರ್ಧ ಚಿಕಿತ್ಸೆ ಮನೆಯಲ್ಲಿ ನಡೆಯುತ್ತದೆ. ಆಂಫೊಟೆರಿಸಿನ್ ನಡೆಯುವಷ್ಟು ದಿನ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮೇಲೆ ಕಣ್ಣಿಟ್ಟಿರುತ್ತಾರೆ. ಡ್ರಿಪ್ ಹೊತ್ತಿಗೆ ಚಳಿಜ್ವರ ಬರುವುದುಂಟು. ಅಜೋಲ್ ಮಾತ್ರೆಗಳಲ್ಲಿ ಲಿವರ್ ಪರೀಕ್ಷೆ ತಪ್ಪಿಸಬಾರದು. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಊಟದೊಂದಿಗೆ ನುಂಗಬೇಕು, ಹೊಟ್ಟೆಯ ಆಮ್ಲ ತಗ್ಗಿಸುವ ಗ್ಯಾಸ್ ಮಾತ್ರೆ ಜೊತೆಗಿದ್ದರೆ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳದು. ವೊರಿಕೊನಜೋಲ್ ಅದಕ್ಕೆ ತದ್ವಿರುದ್ಧ, ಊಟಕ್ಕೂ ಅದಕ್ಕೂ ಒಂದು ಗಂಟೆ ಅಂತರ ಬೇಕು.

ವೊರಿಕೊನಜೋಲ್ ವಿಷಯದಲ್ಲಿ ಇನ್ನೊಂದು ಮಾತು. ಒಬ್ಬೊಬ್ಬರ ಲಿವರ್ ಅದನ್ನು ಒಂದೊಂದು ವೇಗದಲ್ಲಿ ಕರಗಿಸುತ್ತದೆ, ಅದು ವಂಶವಾಹಿಯ ಆಟ. ಒಂದೇ ಡೋಸ್ ಒಬ್ಬರಿಗೆ ಸಾಲದು, ಇನ್ನೊಬ್ಬರಿಗೆ ವಿಷ. ಆದ್ದರಿಂದ ರಕ್ತದಲ್ಲಿ ಔಷಧದ ಮಟ್ಟವನ್ನು ಅಳೆದು ಡೋಸ್ ಹೊಂದಿಸುತ್ತಾರೆ. ನುಂಗಿದ ಸ್ವಲ್ಪ ಹೊತ್ತು ಕಣ್ಣಿಗೆ ಬಣ್ಣ, ಬೆಳಕು ಬೇರೆಯಾಗಿ ಕಾಣಬಹುದು, ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ತಿಂಗಳುಗಳ ಬಳಕೆಯಲ್ಲಿ ಅದರೊಳಗಿನ ಫ್ಲೋರೈಡ್ ಶೇಖರವಾಗಿ ಹೊಸ ಮೂಳೆನೋವು ಹುಟ್ಟುವುದೂ ಉಂಟು. ಸೋಂಕೇ ಮರುಕಳಿಸಿತೆಂದು ರೋಗಿ ಕಂಗಾಲಾಗುತ್ತಾರೆ, ಡೋಸ್ ಏರಿಸಿದರೆ ನೋವೂ ಏರುತ್ತದೆ. ಸೋಂಕಿನ ಜಾಗದಲ್ಲಿ ಅಲ್ಲದೆ ಬೇರೆ ಬೇರೆ ಮೂಳೆಗಳು ನೋಯತೊಡಗಿದರೆ ಈ ಸಾಧ್ಯತೆಯನ್ನು ವೈದ್ಯರ ಮುಂದೆ ಇಡಬೇಕು. ಔಷಧ ಬದಲಿಸಿದರೆ ನೋವು ಇಳಿಯುತ್ತದೆ.

ಅಜೋಲ್‌ಗಳು ಬೇರೆ ಔಷಧಗಳೊಂದಿಗೆ ಬೇಗ ಜಗಳಕ್ಕೆ ನಿಲ್ಲುತ್ತವೆ. ರಕ್ತ ತೆಳುಮಾಡುವ ವಾರ್ಫರಿನ್, ಕಸಿ ಮಾಡಿಸಿಕೊಂಡವರ ಟ್ಯಾಕ್ರೊಲಿಮಸ್, ಕೊಲೆಸ್ಟೆರಾಲ್‌ನ ಕೆಲವು ಸ್ಟ್ಯಾಟಿನ್‌ಗಳ ಮಟ್ಟ ಅಪಾಯಕಾರಿಯಾಗಿ ಏರಬಹುದು. ಕ್ಷಯದ ರಿಫಾಂಪಿಸಿನ್ ಇದಕ್ಕೆ ವಿರುದ್ಧ, ಅದು ಅಜೋಲ್‌ಗಳನ್ನೇ ಕರಗಿಸಿ ಹಾಕುತ್ತದೆ. ವೊರಿಕೊನಜೋಲ್ ಜೊತೆ ಅದನ್ನು ಕೊಡಲೇಬಾರದು. ಕ್ಷಯವೆಂದು ಭಾವಿಸಿ ರಿಫಾಂಪಿಸಿನ್ ನುಂಗುತ್ತಿದ್ದವರಿಗೆ ಆಮೇಲೆ ಫಂಗಸ್ ಪತ್ತೆಯಾದಾಗ ಈ ತೊಡಕು ನಿಜವಾಗಿಯೂ ಎದುರಾಗುತ್ತದೆ. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಅದರ ಪ್ರಭಾವ ಸುಮಾರು ಎರಡು ವಾರ ಉಳಿಯುತ್ತದೆ. ಗರ್ಭಿಣಿಯರು, ಗರ್ಭಿಣಿಯಾಗುವ ಯೋಚನೆಯಲ್ಲಿರುವವರು ಮೊದಲೇ ಹೇಳಬೇಕು, ಹೆಚ್ಚಿನ ಅಜೋಲ್‌ಗಳು ಭ್ರೂಣಕ್ಕೆ ಒಳ್ಳೆಯದಲ್ಲ.

ಹಾಗಾದರೆ ನಿಲ್ಲಿಸುವುದು ಯಾವಾಗ? ನೋವು ಹೋಗುವುದು ಒಂದು ಗುರುತು, ಆದರೆ ಅದು ಬಹಳ ಬೇಗ ಬರುವ ಗುರುತು. ಎರಡನೆಯ ತಿಂಗಳಿಗೇ ನಡೆಯಲು ಹಗುರವಾಗುತ್ತದೆ, ಮಾತ್ರೆ ಬಿಡುವ ಆಸೆ ಹುಟ್ಟುವುದೂ ಆಗಲೇ. ಮೂಳೆಯೊಳಗೆ ಆಗಿನ್ನೂ ಕೆಲಸ ಅರ್ಧ ಆಗಿರುತ್ತದೆ. ಇಎಸ್‌ಆರ್, ಸಿಆರ್‌ಪಿ ಎಂಬ, ಉರಿಯೂತ ಅಳೆಯುವ ರಕ್ತಪರೀಕ್ಷೆಗಳ ಅಂಕಿಗಳು ಮೆಲ್ಲಗೆ ಇಳಿಯುತ್ತಾ ಬಂದು ಇಳಿದಲ್ಲೇ ನಿಲ್ಲಬೇಕು. ಎಂಆರ್‌ಐ ಮಾತ್ರ ಹಿಂದೆ ಉಳಿಯುತ್ತದೆ. ರೋಗಿ ಸುಧಾರಿಸಿದ್ದರೂ ಚಿತ್ರದಲ್ಲಿ ಮೂಳೆಯ ಊತ ತಿಂಗಳುಗಟ್ಟಲೆ ಕಾಣುತ್ತಲೇ ಇರಬಹುದು, ಅದೊಂದನ್ನೇ ನೋಡಿ ಹೆದರಬೇಕಿಲ್ಲ. ಪಕ್ಕದ ಕೀವುಗಟ್ಟು ಕರಗಿದೆಯೇ, ಹೊಸ ಮೂಳೆಗೆ ಹಬ್ಬಿದೆಯೇ ಎಂಬುದನ್ನು ವೈದ್ಯರು ಮುಖ್ಯವಾಗಿ ನೋಡುತ್ತಾರೆ. ಎಲ್ಲ ಗುರುತುಗಳೂ ಒಂದೇ ಕಡೆ ಬೆರಳು ತೋರಿದಾಗ ಔಷಧ ನಿಲ್ಲುತ್ತದೆ. ಅಲ್ಲಿಂದ ಮುಂದೆಯೂ ಒಂದು ವರ್ಷವಾದರೂ ತಪಾಸಣೆಗೆ ಹೋಗುತ್ತಿರಬೇಕು. ಹಳೆಯ ಜಾಗದಲ್ಲಿ, ರಾತ್ರಿ ಮಲಗಿದರೂ ಬಿಡದ ನೋವು ಮತ್ತೆ ಕಾಣಿಸಿಕೊಂಡರೆ, ಮೊದಲ ಬಯಾಪ್ಸಿಯ ವರದಿಯನ್ನು ಕೈಯಲ್ಲಿ ಹಿಡಿದೇ ವೈದ್ಯರ ಬಳಿ ಹೋಗಿ. ಈ ಸಲ ಆ ಫಂಗಸ್‌ನ ಹೆಸರನ್ನು ಮೊದಲಿನಿಂದ ಹುಡುಕಬೇಕಾಗಿಲ್ಲ.